ವಕೀಲರು ಭೇಟಿಯಾದರೇ? ಬಡವರನ್ನೇ ಕೇಳಿ

ಬಡವರಿಗೆ ವಕೀಲರನ್ನು ಕೊಡುವುದು ಉಪಕಾರವಲ್ಲ. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ ಅದನ್ನು ಸರ್ಕಾರದ ಹೊಣೆ ಮಾಡಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೇಳಬಹುದು.

ಆದರೆ ಹರ್ತಿಯ ಕೂಲಿಕಾರ ಹೆಣ್ಣುಮಗಳಿಗೆ ಇದು ಗೊತ್ತಾಗುವುದು ಹೇಗೆ? ಗೊತ್ತಾದರೂ ‘ಪುಕ್ಕಟೆ ವಕೀಲ ಗಟ್ಟಿಯಾಗಿ ವಾದ ಮಾಡ್ತಾನೇನು?’ ಎಂಬ ಅನುಮಾನ ಹೋಗುವುದು ಹೇಗೆ? ಅದಕ್ಕೆ ಹಾರ, ಶಾಲು, ಭಾಷಣದ ಅರಿವು ಕಾರ್ಯಕ್ರಮ ಸಾಲದು. ಎಷ್ಟು ಕಾರ್ಯಕ್ರಮ ಆದವು ಎಂಬ ಲೆಕ್ಕ ನಮಗೆ ಬೇಡ.

ನೆರವು ಪಡೆದವರನ್ನೇ ಕೇಳಿ ಸಮೀಕ್ಷೆ ಮಾಡಿ: ತಾರೀಖಿಗೆ ಮೊದಲು ವಕೀಲರು ಭೇಟಿಯಾದರೇ? ಕೇಸು ಎಲ್ಲಿಗೆ ಬಂತೆಂದು ಹೇಳಿದರೇ? ಯಾರಾದರೂ ದುಡ್ಡು ಕೇಳಿದರೇ? ಹೆಸರು ಮುಚ್ಚಿಟ್ಟು ಉತ್ತರಗಳನ್ನು ಪ್ರಕಟಿಸಿ. ಅರೆಕಾನೂನು ಸ್ವಯಂಸೇವಕರ ಹೆಸರು, ಅವರು ಸಿಗುವ ದಿನ ಪಂಚಾಯ್ತಿ ಗೋಡೆಯ ಮೇಲೆ ಬರೆಸಿ.

ಓದುಗರೇ, ಸಹಾಯವಾಣಿ 15100. ಗದಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಅರ್ಜಿ ಕೊಡಬಹುದು. ಕೈಮುಗಿದು ಬೇಡಬೇಕಿಲ್ಲ, ಹಕ್ಕೆಂದು ಕೇಳಿ.