ಮುಂಬಯಿಯ ಪಗಾರ, ಜತ್ತದ ಕೂಲಿ

ಮುಂಬಯಿಯ ನೌಕರದಾರರ ಪಗಾರದಲ್ಲಿ ತಿಂಗಳಿಗೆ 200 ರೂಪಾಯಿ ಮುರಿದುಕೊಳ್ಳುತ್ತಾರೆ, ಫೆಬ್ರುವರಿಯಲ್ಲಿ 300. ಇದು ವೃತ್ತಿ ತೆರಿಗೆ. 1975ರಲ್ಲಿ ಮಹಾರಾಷ್ಟ್ರ ಇದನ್ನು ತಂದದ್ದು ಹಳ್ಳಿಗಳಲ್ಲಿ ಕೆಲಸ ಕೇಳಿದವರಿಗೆ ಕೂಲಿ ಕೊಡುವ ಸಲುವಾಗಿ. ಈ ಸಂಗತಿ ಕಟ್ಟುವವರಿಗೂ ಗೊತ್ತಿರಲಿಕ್ಕಿಲ್ಲ, ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಉಮದಿ, ಸಂಖದ ಕಡೆಯವರಿಗೂ ಗೊತ್ತಿರಲಿಕ್ಕಿಲ್ಲ.

1972ರ ಬರದ ನೆನಪು ನಮ್ಮ ಹಿರಿಯರಲ್ಲಿ ಇನ್ನೂ ಇದೆ: ಖಡಿ ಒಡೆದದ್ದು, ಕೆರೆಗೆ ಮಣ್ಣು ಹೊತ್ತದ್ದು, ಕೆಲಸದ ಜಾಗದಲ್ಲಿ ಹಂಚಿದ ಸುಕಡಿ ಎಂಬ ಆಹಾರ. 1973ರ ಮೇ ಹೊತ್ತಿಗೆ ರಾಜ್ಯದಲ್ಲಿ ಸುಮಾರು 50 ಲಕ್ಷ ಜನ ಬರ ಪರಿಹಾರದ ಕೆಲಸದ ಮೇಲಿದ್ದರು. ಅದಕ್ಕೂ ಮೊದಲೇ ನಮ್ಮದೇ ಸಾಂಗಲಿ ಜಿಲ್ಲೆಯ ವಿ. ಸ. ಪಾಗೆ ತಾಸಗಾವ ತಾಲೂಕಿನಲ್ಲಿ ಕೇಳಿದವರಿಗೆ ಕೆಲಸ ಕೊಡುವ ಪ್ರಯೋಗ ನಡೆಸಿದ್ದರು. ಆಗ ಅವರು ವಿಧಾನ ಪರಿಷತ್ತಿನ ಸಭಾಪತಿ. ಅವರ ವಿಚಾರವೇ 1977ರಲ್ಲಿ ರೋಜಗಾರ ಹಮಿ (ಉದ್ಯೋಗ ಖಾತರಿ) ಕಾಯ್ದೆಯಾಗಿ 1979ರ ಜನವರಿ 26ರಿಂದ ಜಾರಿಗೆ ಬಂತು. ಕೆಲಸ ಕೇಳಿದವರಿಗೆ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲದಿದ್ದರೆ ಭತ್ಯೆ ಕೊಡಬೇಕು.

ಇದರ ಜಾಣತನವಿರುವುದು ದುಡ್ಡು ಹೊಂದಿಸಿದ ಬಗೆಯಲ್ಲಿ. ಜತ್ತದಲ್ಲಿ ಮಳೆ ಹೋದರೆ ಮುಂಬಯಿಯ ಪಗಾರ ನಿಲ್ಲುವುದಿಲ್ಲ. ತೆರಿಗೆ ಎಷ್ಟು ಬರುತ್ತದೋ ಅಷ್ಟನ್ನೇ ಸರ್ಕಾರವೂ ಕೂಡಿಸಬೇಕೆಂದಿತ್ತು. ಕಷ್ಟ ಒಂದು ಕಡೆ, ಗಂಟು ಇನ್ನೊಂದು ಕಡೆ.

ಕಷ್ಟವೂ ಗಂಟೂ ಒಂದೇ ಕಡೆ ಇದ್ದರೆ ಏನಾಗುತ್ತದೆಂಬುದಕ್ಕೆ ಐರ್ಲೆಂಡ್ ಉದಾಹರಣೆ. ಅದಕ್ಕೆ ಈ ಅನುಕೂಲವಿರಲಿಲ್ಲ. 2008ರಲ್ಲಿ ಅಲ್ಲಿ ಮನೆ ಕಟ್ಟುವ ವ್ಯಾಪಾರವೂ ಬ್ಯಾಂಕುಗಳೂ ಒಟ್ಟಿಗೆ ಕುಸಿದವು. ನಿರುದ್ಯೋಗ ನೂರಕ್ಕೆ 15ರ ಆಸುಪಾಸಿಗೆ ಏರಿತು. ಬೇಡುವವರು ಹೆಚ್ಚಾದ ಹೊತ್ತಿನಲ್ಲೇ ತೆರಿಗೆ ಇಳಿಯಿತು. ನೋಟು ಯೂರೋ ಆದ್ದರಿಂದ ತಾನೇ ಅಚ್ಚು ಹಾಕುವಂತಿರಲಿಲ್ಲ. 2010ರಲ್ಲಿ 85 ಶತಕೋಟಿ ಯೂರೋದ ನೆರವಿಗೆ ಕೈಯೊಡ್ಡಬೇಕಾಯಿತು. ಹಾಗಾದರೆ ಕತ್ತರಿ ಯಾರ ಮೇಲೆ? ಎಳೆಯ ನಿರುದ್ಯೋಗಿಗಳ ಭತ್ಯೆ ಇಳಿಯಿತು. 2011ರಲ್ಲಿ ಕನಿಷ್ಠ ಕೂಲಿಯನ್ನು ಗಂಟೆಗೆ 8.65ರಿಂದ 7.65 ಯೂರೋಗೆ ಇಳಿಸಿದರು. ಅದೇ ವರ್ಷ ಸರ್ಕಾರ ಬದಲಾಗಿ ಮತ್ತೆ ಏರಿಸಿತು. ವೃದ್ಧರ ಮೂಲ ಪಿಂಚಣಿಯನ್ನು ಮಾತ್ರ ಮುಟ್ಟಲಿಲ್ಲ. 70 ದಾಟಿದವರ ಉಚಿತ ಔಷಧೋಪಚಾರದ ಕಾರ್ಡಿಗೆ ಕೈಹಾಕಿದಾಗ ಅಜ್ಜ-ಅಜ್ಜಿಯರು ಡಬ್ಲಿನ್ನಿನ ಬೀದಿಗಿಳಿದಿದ್ದರು, ಸರ್ಕಾರ ಬಹುಮಟ್ಟಿಗೆ ಹಿಂದೆ ಸರಿದಿತ್ತು. ಎಳೆಯರಿಗೆ ಅಂಥ ಬಲವಿರಲಿಲ್ಲ.

ಆದರೆ ನಮ್ಮ ಹಮಿಯೂ ಅಪ್ಪಟ ಚಿನ್ನವೇನಲ್ಲ. 1988ರಲ್ಲಿ ಅದರ ಕೂಲಿ ದುಪ್ಪಟ್ಟಾಯಿತು. ಖರ್ಚಿಗೆ ಅಂಜಿ ಕೆಲಸ ತೆರೆಯುವುದನ್ನೇ ಅಧಿಕಾರಿಗಳು ಕಡಿಮೆ ಮಾಡಿದರು, ಹಾಜರಿ ಇಳಿಯಿತು. ಕಾಯ್ದೆಯ ಒಂದಕ್ಷರವೂ ಬದಲಾಗಿರಲಿಲ್ಲ! ಐರ್ಲೆಂಡಿನ ಕತ್ತರಿ ಬಜೆಟ್ಟಿನಲ್ಲಿ ಕಾಣುತ್ತಿತ್ತು, ಪ್ರಶ್ನಿಸಬಹುದಿತ್ತು. ನಮ್ಮದು ಕಚೇರಿಯ ಖಾನೆಯಲ್ಲಿ ಸದ್ದಿಲ್ಲದೆ ಕೆಲಸ ಮಾಡಿತು. 2005ರಲ್ಲಿ ದೇಶವೇ ಈ ಎಳೆ ಹಿಡಿದು ಕಾಯ್ದೆ ಮಾಡಿದ ಮೇಲೂ ರೋಗ ಪೂರಾ ಬಿಡಲಿಲ್ಲ. ಮಾಡಿದ ಕೆಲಸಕ್ಕೆ ಕೂಲಿ ತಡವಾಗಿ ಬರುವುದು ಅದರ ಹೊಸ ರೂಪ.

ಹೀಗಾಗಿಯೇ ಕಬ್ಬಿನ ಸುಗ್ಗಿ ಶುರುವಾಗುವ ಮುನ್ನ ಕೂಲಿಗಳನ್ನು ಕರೆದೊಯ್ಯುವ ಮುಕಾದಮ ಉಚಲ್ ಎಂಬ ಮುಂಗಡ ಎಣಿಸಿ ಕೊಟ್ಟರೆ ಜತ್ತದ ಎಷ್ಟೋ ಮನೆಗಳು ಬೀಗ ಹಾಕಿ ಕಬ್ಬು ಕಡಿಯಲು ಹೊರಡುತ್ತವೆ. ರೊಕ್ಕ ಮೊದಲು, ದುಡಿಮೆ ಆಮೇಲೆ. ಹಮಿಯಲ್ಲಿ ಇದು ತಿರುವುಮುರುವು. ಅಲ್ಲಿ ಮೊದಲು ಅರ್ಜಿ ಕೊಡಬೇಕು. ಬಾಯಿಮಾತಿನಲ್ಲಿ ಕೇಳಿ ಬಂದವರು ಅನೇಕರು. ಅರ್ಜಿ ಕೊಟ್ಟದ್ದಕ್ಕೆ ತಾರೀಖು ಹಾಕಿದ ರಸೀದಿ ಕೈಯಲ್ಲಿಲ್ಲದಿದ್ದರೆ ಆ 15 ದಿನವನ್ನು ಎಲ್ಲಿಂದ ಎಣಿಸುವುದು?