ಜಂತುಹುಳುವೂ ನಮ್ಮ ನೆಲವೂ

ಪ್ರತಿವರ್ಷ ಫೆಬ್ರವರಿ 10ನೆಯ ತಾರೀಖು ಬಂದಿತೆಂದರೆ ನಮ್ಮ ಶಾಲೆಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ಮಕ್ಕಳನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರ ಕೈಗೂ ಅಲ್ಬೆಂಡಜೋಲ್ ಮಾತ್ರೆಯೊಂದನ್ನು ಕೊಟ್ಟು, ಅದನ್ನು ಅವರು ಚೆನ್ನಾಗಿ ಅಗಿದು ನುಂಗುವವರೆಗೂ ಉಪಾಧ್ಯಾಯರೋ ಕಾರ್ಯಕರ್ತೆಯರೋ ಎದುರಿಗೆ ನಿಂತು ನೋಡುತ್ತಾರೆ. 2015ರಲ್ಲಿ ಆರಂಭವಾದ ಈ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವು 1ರಿಂದ 19 ವರ್ಷದವರೆಗಿನ ಮಕ್ಕಳನ್ನೆಲ್ಲ ಉದ್ದೇಶಿಸಿದ್ದು. ಇಷ್ಟು ಅಲ್ಪ ವೆಚ್ಚದಲ್ಲಿ ಇಷ್ಟು ವಿಶಾಲವಾಗಿ ನಡೆಯುವ ಆರೋಗ್ಯಕಾರ್ಯಗಳು ವಿರಳ. ಅದನ್ನು ನಡೆಸುವವರ ಶ್ರಮ ಸ್ತುತ್ಯವಾದದ್ದು. ಆದರೆ ಆ ಮಾತ್ರೆಯನ್ನು ನುಂಗಿದ ಹುಡುಗನು ಸಂಜೆ ಮನೆಗೆ ಹಿಂದಿರುಗುವಾಗ ಯಾವ ಮಣ್ಣಿನ ಮೇಲೆ ಬರಿಗಾಲಿನಲ್ಲಿ ನಡೆಯುತ್ತಾನೋ, ಯಾವ ಬಯಲಿನಲ್ಲಿ ಗೋಲಿಯಾಡಿ ಆ ಕೈಯನ್ನೇ ಬಾಯಿಗಿಡುತ್ತಾನೋ, ಆ ಮಣ್ಣಿಗೆ ನಾವು ಯಾವ ಚಿಕಿತ್ಸೆಯನ್ನೂ ಮಾಡದಿರುವವರೆಗೆ ಆ ಒಂದು ದಿನದ ಔಷಧಸೇವನೆಯು ಅರ್ಧಕಾರ್ಯವಾಗಬಹುದಲ್ಲದೆ ಪೂರ್ಣಕಾರ್ಯವಾಗಲಾರದು.

ಮಗುವು ರಾತ್ರಿ ನಿದ್ರೆಯಲ್ಲಿ ಹಲ್ಲು ಕಡಿದರೆ, ಉಂಡದ್ದು ಮೈಗೆ ಹತ್ತದೆ ಹೊಟ್ಟೆಯೊಂದೇ ದಪ್ಪಗಾದರೆ, "ಬೆಲ್ಲ ತಿಂದು ತಿಂದು ಹೊಟ್ಟೆಯಲ್ಲಿ ಹುಳುವಾಗಿದೆ" ಎಂದು ನಿಶ್ಚಯಿಸಿ ಹರಳೆಣ್ಣೆ ಕುಡಿಸುವುದು ನಮ್ಮ ಮನೆಗಳ ಹಿರಿಯರ ವಾಡಿಕೆಯಾಗಿತ್ತು. ಈ ನಂಬಿಕೆ ಇಂದು ನಿನ್ನೆಯದಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಇಪ್ಪತ್ತು ಬಗೆಯ ಕ್ರಿಮಿಗಳನ್ನು ಹೇಳಿರುವಲ್ಲಿ, ಕಫಜ ಕ್ರಿಮಿಗಳಿಗೆ ಕಾರಣವಾದ ಆಹಾರಗಳಲ್ಲಿ ಹಾಲು, ಬೆಲ್ಲ, ಎಳ್ಳು, ಮೀನು ಇವೆಲ್ಲವೂ ಎಣಿಕೆಗೆ ಬಂದಿವೆ. ಕಾರಣದ ವಿಷಯದಲ್ಲಿ ಆ ಪ್ರಾಚೀನರ ಊಹೆ ಸರಿಯಲ್ಲವೆಂದು ಇಂದು ನಾವು ಬಲ್ಲೆವು. ಬೆಲ್ಲದಿಂದ ಹುಳು ಹುಟ್ಟುವುದಿಲ್ಲ. ಆದರೆ ಚಿಕಿತ್ಸೆಗೆ ಅದೇ ಗ್ರಂಥವು ಹಾಕಿಕೊಟ್ಟ ಕ್ರಮವಿದೆಯಲ್ಲ, ಅದು ಇಂದಿಗೂ ಮನನಯೋಗ್ಯವಾದದ್ದು. ಮೊದಲನೆಯದು ಕ್ರಿಮಿಯನ್ನು ದೇಹದಿಂದ ಹೊರಕ್ಕೆ ಸೆಳೆದುಹಾಕುವ ಅಪಕರ್ಷಣ. ಎರಡನೆಯದು ಅದು ಬೆಳೆಯುವುದಕ್ಕೆ ಅನುಕೂಲವಾದ ಸ್ಥಿತಿಯನ್ನೇ ಕೆಡಿಸುವ ಪ್ರಕೃತಿವಿಘಾತ. ಮೂರನೆಯದು ಯಾವುದರಿಂದ ರೋಗ ಬಂದಿತೋ ಅದನ್ನೇ ವರ್ಜಿಸುವುದು. ನಮ್ಮ ಕಾಲದ ವೈದ್ಯವು ಮೊದಲನೆಯದನ್ನು ಬಹುಮಟ್ಟಿಗೆ ಸಾಧಿಸಿ, ಮೂರನೆಯದರ ಹೊಸ್ತಿಲಿನಲ್ಲಿಯೇ ನಿಂತುಬಿಟ್ಟಿದೆ.

ಹುಳುವಿನ ಜೀವನವೃತ್ತಾಂತವನ್ನು ಅರಿತವರಿಗೆ ಈ ಮೂರನೆಯದರ ಮಹತ್ವ ತಾನಾಗಿ ಗೋಚರವಾಗುತ್ತದೆ. ನಾವು ಸಾಮಾನ್ಯವಾಗಿ ಜಂತುಹುಳುವೆಂದು ಕರೆಯುವ, ಶಾಸ್ತ್ರದಲ್ಲಿ ಆಸ್ಕರಿಸ್ ಎನಿಸಿಕೊಳ್ಳುವ ದುಂಡುಹುಳುವು ಮನುಷ್ಯನ ಸಣ್ಣಕರುಳಿನಲ್ಲಿ ವಾಸಿಸತಕ್ಕದ್ದು. ಹೆಣ್ಣು 20ರಿಂದ 35 ಸೆಂಟಿಮೀಟರ್ ಉದ್ದ ಬೆಳೆದು, ದಿನವೊಂದಕ್ಕೆ ಸುಮಾರು ಎರಡು ಲಕ್ಷದವರೆಗೆ ಮೊಟ್ಟೆಗಳನ್ನಿಡುತ್ತದೆ. ಮಲದೊಡನೆ ಹೊರಬಿದ್ದ ಮೊಟ್ಟೆಯು ಕೂಡಲೇ ಯಾರಿಗೂ ಸೋಂಕನ್ನುಂಟುಮಾಡಲಾರದು. ತೇವವೂ ನೆರಳೂ ಬೆಚ್ಚನೆಯ ಹವೆಯೂ ಇರುವ ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರಗಳನ್ನು ಕಳೆದ ಮೇಲೆಯೇ ಅದರೊಳಗೆ ಮರಿ ಸಿದ್ಧವಾಗುತ್ತದೆ. ಅಲ್ಲಿಂದ ಮುಂದೆ ಅದರ ಸಹನಶಕ್ತಿ ಆಶ್ಚರ್ಯಕರವಾದದ್ದು: ಅದರ ದಪ್ಪವಾದ ಚಿಪ್ಪನ್ನು ನಮ್ಮ ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ ಭೇದಿಸಲಾರದು, ಮತ್ತು ಅನುಕೂಲವಾದ ನೆಲದಲ್ಲಿ ಅದು ವರ್ಷಗಟ್ಟಲೆ ಜೀವಂತವಾಗಿರಬಲ್ಲದು. ತೊಳೆಯದ ಸೊಪ್ಪು, ಗಜ್ಜರಿ, ಉಗುರಿನ ಸಂದಿನ ಮಣ್ಣು, ಇವುಗಳ ಮೂಲಕ ಬಾಯಿಯನ್ನು ಸೇರಿದ ಮೊಟ್ಟೆ ಕರುಳಿನಲ್ಲಿ ಒಡೆದು ಮರಿಯು ಹೊರಬರುತ್ತದೆ. ಆದರೆ ಸೇರಬೇಕಾದ ಸ್ಥಳವನ್ನು ಸೇರಿಯೂ ಅದು ಅಲ್ಲಿ ನಿಲ್ಲುವುದಿಲ್ಲ. ಕರುಳಿನ ಭಿತ್ತಿಯನ್ನು ಕೊರೆದು, ರಕ್ತಪ್ರವಾಹದಲ್ಲಿ ಯಕೃತ್ತಿಗೂ ಅಲ್ಲಿಂದ ಹೃದಯದ ಮಾರ್ಗವಾಗಿ ಶ್ವಾಸಕೋಶಕ್ಕೂ ಹೋಗಿ, ಅಲ್ಲಿ ಕೆಲವು ದಿನ ಬೆಳೆದು, ಶ್ವಾಸನಾಳವನ್ನೇರಿ ಗಂಟಲಿಗೆ ಬಂದು, ಕಫದೊಡನೆ ಮತ್ತೆ ನುಂಗಲ್ಪಟ್ಟು, ಹೊರಟ ಕರುಳಿಗೇ ಹಿಂದಿರುಗಿ ನೆಲೆಸುತ್ತದೆ. 1922ರಲ್ಲಿ ಜಪಾನಿನ ವೈದ್ಯ ಕೊಯಿನೊ ಎಂಬಾತನು ಈ ಯಾತ್ರೆಯನ್ನು ತಿಳಿಯುವುದಕ್ಕಾಗಿ ತಾನೇ ಹುಳುವಿನ ಮೊಟ್ಟೆಗಳನ್ನು ನುಂಗಿ, ಕೆಲವು ದಿನಗಳ ತರುವಾಯ ತೀವ್ರವಾದ ಶ್ವಾಸಕೋಶದ ಬೇನೆಯಿಂದ ನರಳುತ್ತ, ತನ್ನ ಕಫದಲ್ಲಿಯೇ ಮರಿಗಳನ್ನು ಕಂಡನು. ವಿಜ್ಞಾನಕ್ಕಾಗಿ ದೇಹವನ್ನೇ ಒಡ್ಡಿದ ಇಂಥವರ ನೆನಪು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಷ್ಟಾದರೂ ಇರಬೇಕಾದದ್ದು ನ್ಯಾಯ.

ಈ ವೃತ್ತಾಂತದಲ್ಲಿ ಸಾಮಾನ್ಯರ ಗಮನಕ್ಕೆ ಬಾರದ ಒಂದು ಅಂಶವುಂಟು. ಜಂತುಹುಳುವಾಗಲಿ, ಕೊಕ್ಕೆಹುಳುವಾಗಲಿ, ಚಾವಟಿಹುಳುವಾಗಲಿ ಮನುಷ್ಯನ ದೇಹದೊಳಗೆ ಇದ್ದಲ್ಲಿಯೇ ಸಂಖ್ಯೆಯಲ್ಲಿ ವೃದ್ಧಿಹೊಂದುವುದಿಲ್ಲ. ರೋಗಾಣುವೊಂದು ಒಳಹೊಕ್ಕು ಕೋಟಿಯಾಗುವಂತೆ ಇಲ್ಲಿ ಆಗುವುದಿಲ್ಲ. ಒಂದು ಮಗುವಿನ ಕರುಳಿನಲ್ಲಿ ಐವತ್ತು ಹುಳುಗಳಿದ್ದರೆ, ಐವತ್ತು ಮೊಟ್ಟೆಗಳು ಹೊರಗಿನ ಮಣ್ಣಿನಿಂದ ಅದರ ಬಾಯಿಗೆ ಬಂದಿವೆಯೆಂದೇ ಅರ್ಥ. ಆದುದರಿಂದ ಮಕ್ಕಳ ಹೊಟ್ಟೆಯ ಹುಳುಗಳ ಲೆಕ್ಕವು ಆ ಊರಿನ ನೆಲದ ಮಾಲಿನ್ಯದ ಲೆಕ್ಕವೇ ಆಗಿದೆ. ಒಂದೆರಡು ಹುಳುಗಳಿಂದ ಬಾಧೆಯೇನೂ ಕಾಣದಿರಬಹುದು. ಅವು ಬಹಳವಾದಾಗ ಆಹಾರದ ಸತ್ತ್ವವೂ ಎ ಜೀವಸತ್ತ್ವವೂ ಮಗುವಿಗೆ ದಕ್ಕದೆ ಬೆಳವಣಿಗೆ ಕುಂಠಿತವಾಗುತ್ತದೆ, ಕೆಲವೊಮ್ಮೆ ಹುಳುಗಳು ಗಂಟುಕಟ್ಟಿ ಕರುಳನ್ನೇ ಮುಚ್ಚಿ ಶಸ್ತ್ರಚಿಕಿತ್ಸೆಗೆ ಎಡೆಮಾಡುತ್ತವೆ.

ಕೊಕ್ಕೆಹುಳುವಿನ ರೀತಿ ಬೇರೆ. ಅದು ಬಾಯಿಯ ದಾರಿಯನ್ನೇ ಕಾಯುವುದಿಲ್ಲ. ತೇವವಾದ ಮಣ್ಣಿನಲ್ಲಿ ನಿಂತ ಅದರ ಮರಿಯು ಬರಿಗಾಲಿನ ಬೆರಳುಗಳ ಸಂದಿನ ಮೆತ್ತನೆಯ ಚರ್ಮವನ್ನು ತೂರಿಕೊಂಡು ಒಳಸೇರುತ್ತದೆ. ಕೈರೋದಲ್ಲಿ ಕೆಲಸಮಾಡುತ್ತಿದ್ದ ಆರ್ಥರ್ ಲೂಸ್ ಎಂಬ ವಿಜ್ಞಾನಿಯ ಕೈಮೇಲೆ ಮರಿಗಳಿದ್ದ ನೀರು ಆಕಸ್ಮಿಕವಾಗಿ ಚೆಲ್ಲಿ, ಅಲ್ಲಿ ತುರಿಕೆ ಹುಟ್ಟಿ, ಕೆಲವು ವಾರಗಳಲ್ಲಿ ಆತನ ಮಲದಲ್ಲಿ ಮೊಟ್ಟೆಗಳು ಕಂಡುಬಂದ ಮೇಲೆಯೇ ಈ ರಹಸ್ಯ ಬಯಲಾಯಿತು. ಒಂದು ಸೆಂಟಿಮೀಟರಿನಷ್ಟೇ ಉದ್ದದ ಈ ಹುಳು ಕರುಳಿನ ಒಳಪದರವನ್ನು ಕಚ್ಚಿಹಿಡಿದು, ರಕ್ತ ಹೆಪ್ಪುಗಟ್ಟದಂತೆ ಒಂದು ದ್ರವವನ್ನು ಸ್ರವಿಸಿ, ಜಾತಿಗನುಸಾರವಾಗಿ ದಿನಕ್ಕೆ 0.03ರಿಂದ 0.2 ಮಿಲಿಲೀಟರಿನವರೆಗೆ ರಕ್ತವನ್ನು ನಷ್ಟಪಡಿಸುತ್ತದೆ. ಲೆಕ್ಕಕ್ಕೆ ಅಲ್ಪವೆಂದು ಕಾಣುವ ಈ ನಷ್ಟವು, ನೂರಾರು ಹುಳುಗಳಿರುವ ದೇಹದಲ್ಲಿ, ಅದೂ ಮೊದಲೇ ಕಬ್ಬಿಣಾಂಶ ಸಾಲದೆ ಬಿಳಿಚಿಕೊಂಡ ಗರ್ಭಿಣಿಯ ದೇಹದಲ್ಲಿ ಏನನ್ನು ಮಾಡಬಲ್ಲದೆಂಬುದನ್ನು ವಿವರಿಸಬೇಕಾಗಿಲ್ಲ. ಗದ್ದೆಯ ಕೆಸರಿನಲ್ಲಿ ಮಳೆಗಾಲವೆಲ್ಲ ನಿಂತು ನಾಟಿಮಾಡುವ ಹೆಂಗಸರು, ಕಾಫಿತೋಟದ ನೆರಳಿನ ಹಸಿನೆಲದಲ್ಲಿ ಬರಿಗಾಲಿನಲ್ಲಿ ದುಡಿಯುವ ಕೂಲಿಯವರು, ಇವರ ಸುಸ್ತನ್ನು ಸೋಮಾರಿತನವೆಂದು ಕರೆದ ಯಜಮಾನರು ಒಮ್ಮೆ ಅವರ ರಕ್ತಪರೀಕ್ಷೆ ಮಾಡಿಸಿದ್ದರೆ ಆ ಮಾತನ್ನು ಆಡುತ್ತಿರಲಿಲ್ಲ.

ಮಾತ್ರೆಯ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಅಲ್ಬೆಂಡಜೋಲ್ ಹುಳುವಿನ ಜೀವಕೋಶಗಳ ರಚನೆಯನ್ನು ಕೆಡಿಸಿ, ಅದು ಸಕ್ಕರೆಯ ಅಂಶವನ್ನು ಹೀರದಂತೆ ಮಾಡಿ ಕೊಲ್ಲುತ್ತದೆ. ಜಂತುಹುಳುವಿನ ಮೇಲೆ ಒಂದೇ ಮಾತ್ರೆ ಬಹಳ ಪರಿಣಾಮಕಾರಿ, ಚಾವಟಿಹುಳುವಿನ ಮೇಲೆ ಅಷ್ಟಿಲ್ಲ. ಸಾಮೂಹಿಕ ಔಷಧದಾನದಿಂದ ಮಕ್ಕಳ ತೂಕಕ್ಕೂ ಕಲಿಕೆಗೂ ಎಷ್ಟು ಲಾಭವೆಂಬ ವಿಷಯದಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲವಾದರೂ, ಹುಳುವಿರುವ ಮಗುವಿಗೆ ಅದನ್ನು ಕೊಡಬೇಕೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಔಷಧವು ಕರುಳಿನಲ್ಲಿರುವ ಹುಳುವನ್ನು ಕೊಲ್ಲಬಲ್ಲದೇ ಹೊರತು ಅಂಗಳದಲ್ಲಿರುವ ಮೊಟ್ಟೆಯನ್ನು ಮುಟ್ಟಲಾರದು; ಹಲವು ದೇಶಗಳ ಪರಿಶೀಲನೆಗಳಲ್ಲಿ, ಔಷಧ ಕೊಟ್ಟ ಒಂದು ವರ್ಷದೊಳಗೆ ಜಂತುಹುಳುವಿನ ಸೋಂಕು ಮೊದಲಿನ ಪ್ರಮಾಣದ ಸಮೀಪಕ್ಕೆ ಮರಳಿರುವುದು ಕಂಡುಬಂದಿದೆ.

ಕಾರಣವನ್ನು ವರ್ಜಿಸುವುದರಿಂದಲೇ ರೋಗವನ್ನು ನಿರ್ಮೂಲ ಮಾಡಬಹುದೆಂಬುದಕ್ಕೆ ನಮ್ಮ ಉತ್ತರ ಕರ್ನಾಟಕದ ಹಳೆಯ ತಲೆಮಾರಿನವರಿಗೆ ಬೇರೆ ಸಾಕ್ಷ್ಯ ಬೇಡ. ಅವರು ನಾರುಹುಣ್ಣನ್ನು ಬಲ್ಲರು. ಇದೂ ದುಂಡುಹುಳುಗಳ ಕುಲಕ್ಕೇ ಸೇರಿದ ಜೀವಿಯ ಕೃತ್ಯ. ಮೆಟ್ಟಿಲುಬಾವಿಗಿಳಿದು ತುಂಬಿ ತಂದ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಕಣ್ಣಿಗೆ ಸ್ಪಷ್ಟವಾಗಿ ಕಾಣದಷ್ಟು ಕಿರಿದಾದ ಜಲಚರವಿದ್ದು, ಅದರೊಳಗೆ ಹುಳುವಿನ ಮರಿಯಿದ್ದು, ಅದನ್ನು ಕುಡಿದವನ ಮೈಯಲ್ಲಿ ಸುಮಾರು ಒಂದು ವರ್ಷಕಾಲ ಸದ್ದಿಲ್ಲದೆ ಬೆಳೆದ ಹೆಣ್ಣುಹುಳು ಒಂದು ಮೀಟರಿನವರೆಗೆ ಉದ್ದವಾಗಿ, ಬಹುಮಟ್ಟಿಗೆ ಪಾದದ ಇಲ್ಲವೆ ಮೊಣಕಾಲ ಕೆಳಗಿನ ಚರ್ಮದಲ್ಲಿ ಬೊಕ್ಕೆಯೆಬ್ಬಿಸಿ ತಲೆಯಿಡುತ್ತಿತ್ತು. ಬೆಂಕಿಯಂಥ ಉರಿಯನ್ನು ತಾಳಲಾರದೆ ರೋಗಿಯು ಕಾಲನ್ನು ನೀರಿನಲ್ಲಿ ಇಟ್ಟನೆಂದರೆ, ಹುಳುವು ಅದನ್ನೇ ಕಾದಿದ್ದಂತೆ ಲಕ್ಷಗಟ್ಟಲೆ ಮರಿಗಳನ್ನು ಆ ಬಾವಿಗೆ ಬಿಡುತ್ತಿತ್ತು. ಹೊರಬಂದ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳಷ್ಟು ದೂರ ಸೆಳೆಯುತ್ತ, ವಾರಗಟ್ಟಲೆ ಹಾಸಿಗೆ ಹಿಡಿದಿರುವುದೊಂದೇ ಉಪಾಯ. ಅವಸರದಲ್ಲಿ ಅದು ಹರಿದುಹೋದರೆ ಕೀವುಗಟ್ಟಿ ಕಾಲು ಊನವಾಗುವ ಭಯ. ಸುಗ್ಗಿಯ ಕಾಲದಲ್ಲಿ ಮನೆಯ ದುಡಿಯುವ ಗಂಡಸೇ ಹೀಗೆ ಮಲಗಿದಾಗ ಆ ಸಂಸಾರದ ಗತಿಯೇನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಬಹುದು.

ಈ ಹುಳುವಿಗೆ ಮಾತ್ರೆಯಿಲ್ಲ, ಲಸಿಕೆಯಿಲ್ಲ. 1980ರ ದಶಕದ ಆರಂಭದಲ್ಲಿ ಭಾರತವು ಇದರ ನಿರ್ಮೂಲನಕ್ಕೆ ಸಂಕಲ್ಪ ಮಾಡಿದಾಗ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಕೈಗೊಂಡ ಉಪಾಯಗಳು ಅತ್ಯಂತ ಸಾಮಾನ್ಯವಾದವು: ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಹುಣ್ಣಿರುವವನು ಬಾವಿಗಿಳಿಯದಂತೆ ನೋಡಿಕೊಳ್ಳುವುದು, ಜಲಚರವನ್ನು ಕೊಲ್ಲುವ ಔಷಧವನ್ನು ನೀರಿಗೆ ಹಾಕುವುದು, ಮೆಟ್ಟಿಲುಬಾವಿಗೆ ಬದಲಾಗಿ ಕೊಳವೆಬಾವಿಯನ್ನು ಕೊಡುವುದು, ಮನೆಮನೆಗೂ ಹೋಗಿ ರೋಗಿಗಳನ್ನು ಹುಡುಕುವುದು. 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡವನೇ ಕೊನೆಯ ರೋಗಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಪ್ರಮಾಣೀಕರಿಸಿತು. ನನ್ನ ದೃಷ್ಟಿಯಲ್ಲಿ ಸ್ವತಂತ್ರ ಭಾರತದ ಆರೋಗ್ಯಸಾಧನೆಗಳಲ್ಲಿ ಇದಕ್ಕೆ ಸಲ್ಲಬೇಕಾದ ಮಾನ್ಯತೆ ಇನ್ನೂ ಸಂದಿಲ್ಲ.

ಕರುಳಿನ ಹುಳುಗಳ ವಿಷಯದಲ್ಲಿಯೂ ಇಂಥ ಸಾಧನೆ ಅಸಾಧ್ಯವಲ್ಲ. ದಕ್ಷಿಣ ಕೊರಿಯಾದಲ್ಲಿ 1971ರಲ್ಲಿ ನೂರಕ್ಕೆ 84 ಮಂದಿಯಲ್ಲಿ ಯಾವುದಾದರೊಂದು ಹುಳುವಿನ ಮೊಟ್ಟೆ ಕಂಡುಬಂದಿತ್ತು, ಅರ್ಧಕ್ಕಿಂತ ಹೆಚ್ಚು ಜನರಿಗೆ ಜಂತುಹುಳುವಿತ್ತು. ಶಾಲೆಯ ಮಕ್ಕಳ ಮಲಪರೀಕ್ಷೆಯನ್ನು ವರ್ಷಕ್ಕೆರಡು ಬಾರಿ ತಪ್ಪದೆ ನಡೆಸಿ, ಸೋಂಕಿದ್ದವರಿಗೆ ಔಷಧ ಕೊಟ್ಟರು. ಅದರ ಜೊತೆಜೊತೆಗೇ ಮನುಷ್ಯರ ಮಲವನ್ನು ಹೊಲಕ್ಕೆ ಗೊಬ್ಬರವಾಗಿ ಹಾಕುವ ಪದ್ಧತಿಯೂ ಮರೆಯಾಯಿತು. 1997ರ ಹೊತ್ತಿಗೆ ಜಂತುಹುಳುವಿನ ಪ್ರಮಾಣ ನೂರಕ್ಕೆ 0.06ಕ್ಕೆ ಇಳಿಯಿತು. ಇದಕ್ಕೆ ಪ್ರತಿಯಾಗಿ ನಮ್ಮ ಒಡಿಶಾದ 100 ಹಳ್ಳಿಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶೌಚಾಲಯಗಳನ್ನು ಹೊಸದಾಗಿ ಕಟ್ಟಿಸಿದ ಹಳ್ಳಿಗಳಲ್ಲಿಯೂ ಹುಳುವಿನ ಸೋಂಕು ಕಡಿಮೆಯಾಗಲಿಲ್ಲವೆಂದು ತಿಳಿದುಬಂದಿತು. ಕಟ್ಟಿದ್ದನ್ನು ಎಲ್ಲರೂ ಎಲ್ಲ ಕಾಲದಲ್ಲಿಯೂ ಉಪಯೋಗಿಸುತ್ತಿರಲಿಲ್ಲ. ಗೋಡೆ, ಬಾಗಿಲು, ಗುಂಡಿ ಇವುಗಳ ಲೆಕ್ಕವನ್ನು ಕಡತದಲ್ಲಿ ಬರೆದುಕೊಂಡ ಮಾತ್ರಕ್ಕೆ ನೆಲ ಶುದ್ಧವಾಗುವುದಿಲ್ಲ. ನೀರಿಲ್ಲದ ಶೌಚಾಲಯ ಸೌದೆ ತುಂಬುವ ಕೋಣೆಯಾಗುತ್ತದೆ. ಎಳೆಯ ಮಕ್ಕಳ ಮಲದಿಂದ ದೋಷವಿಲ್ಲವೆಂದು ಬಗೆದು ಅಂಗಳದಾಚೆ ಎಸೆಯುವ ಅಭ್ಯಾಸವಿರುವ ಮನೆಯಲ್ಲಿ ದೊಡ್ಡವರ ಶುಚಿತ್ವದಿಂದ ಅರ್ಧ ಪ್ರಯೋಜನವೂ ಆಗುವುದಿಲ್ಲ, ಏಕೆಂದರೆ ಹುಳುವಿನ ಭಾರವನ್ನು ಹೆಚ್ಚಾಗಿ ಹೊತ್ತವರು ಮಕ್ಕಳೇ.

ಗ್ರಾಮಪಂಚಾಯಿತಿಯ ಸದಸ್ಯರಲ್ಲಿಯೂ ಶಾಲಾಭಿವೃದ್ಧಿ ಸಮಿತಿಯವರಲ್ಲಿಯೂ ನನ್ನ ಪ್ರಾರ್ಥನೆ ಇಷ್ಟು. ಮುಂದಿನ ಸಲ ಮಾತ್ರೆಯ ದಿನ ಬರುವುದಕ್ಕೆ ಮೊದಲು ನಿಮ್ಮ ಶಾಲೆಯ ಶೌಚಾಲಯದ ಬೀಗವನ್ನು ತೆಗೆಸಿ, ನಲ್ಲಿಯನ್ನು ತಿರುಗಿಸಿ, ನೀರು ಬರುವುದೋ ಇಲ್ಲವೋ ಸ್ವತಃ ನೋಡಿರಿ; ಊಟದ ಸಾಲಿಗೆ ಕೂರುವ ಮುನ್ನ ಮಕ್ಕಳ ಕೈಗೆ ಸಾಬೂನು ಸಿಗುವಂತೆ ಏರ್ಪಡಿಸಿರಿ; ಚಪ್ಪಲಿಯಿಲ್ಲದೆ ಬರುವ ಮಕ್ಕಳ ಹೆಸರುಗಳನ್ನು ಬರೆದುಕೊಂಡು ಮಳೆಗಾಲಕ್ಕೆ ಮುಂಚೆ ಅವರ ಕಾಲಿಗೊಂದು ಜೊತೆ ಚಪ್ಪಲಿಯನ್ನು ಒದಗಿಸಿರಿ. ಇವು ಮೂರೂ ಪಂಚಾಯಿತಿಯ ಶಕ್ತಿಗೆ ಮೀರಿದವಲ್ಲ.