ತುಂಬಿಸಿದವನೇ ಬರಿದು ಮಾಡಲಿ



ಅಮೆರಿಕದ ಪ್ರವಾಸದ ಮಾತು ಬಂದಾಗ ಬಂಧುವೊಬ್ಬರು, "ಅಲ್ಲ ಭಾವ, ಇಂಜಿನಿಯರ್ ಆದ ಹುಡುಗ ಕೈಯಾರೆ ಕಕ್ಕಸಿನ ತೊಟ್ಟಿ ಖಾಲಿ ಮಾಡುವುದೇ? ಬಯಲಲ್ಲಿ ಬಿಟ್ಟರೆ ಕೇಳುವವರು ಯಾರು?" ಎಂದರು. ಇದಕ್ಕೆ ಉತ್ತರ ಬರೆಯದೆ ನನಗೆ ಸಮಾಧಾನವಿಲ್ಲ.

2023ರ ಜನವರಿಯಲ್ಲಿ ಮಗನ ಮೋಟಾರ್‌ಹೋಮಿನಲ್ಲಿ ಅರಿಜೋನಾದ ಕ್ವಾರ್ಟ್ಸ್‌ಸೈಟ್ ಬಳಿಯ ಮರುಭೂಮಿಯಲ್ಲಿ ಐದು ದಿನ ತಂಗಿದ್ದೆವು. ಅದು ಸಾರ್ವಜನಿಕ ನೆಲ. 28 ದಿನಗಳ ಅವಧಿಯಲ್ಲಿ 14 ದಿನ ಉಚಿತವಾಗಿ ತಂಗಬಹುದು. ಆದರೆ ನಲ್ಲಿಯಿಲ್ಲ, ವಿದ್ಯುತ್ತಿಲ್ಲ, ಚರಂಡಿಯಿಲ್ಲ. ವಾಹನದ ಹೊಟ್ಟೆಯಲ್ಲಿ ಎರಡು ತೊಟ್ಟಿಗಳು: ಕಕ್ಕಸಿಗೆ ಬ್ಲ್ಯಾಕ್ ಟ್ಯಾಂಕ್, ಸ್ನಾನ ಮತ್ತು ಪಾತ್ರೆಯ ನೀರಿಗೆ ಗ್ರೇ ಟ್ಯಾಂಕ್.

ಮೂರನೆಯ ದಿನವೇ ಗ್ರೇ ಟ್ಯಾಂಕ್ ತುಂಬಿತು. ತಪ್ಪು ನನ್ನದೇ, ಊರಿನ ಅಭ್ಯಾಸದಂತೆ ಧಾರಾಳವಾಗಿ ಮಿಂದಿದ್ದೆ. "ತೆರೆದುಬಿಡು, ನಮ್ಮ ಬಚ್ಚಲ ನೀರು ಬಾಳೆಯ ಬುಡಕ್ಕೆ ಹೋಗುತ್ತಿರಲಿಲ್ಲವೇ?" ಎಂದೂ ನಾನೇ ಹೇಳಿದೆ. ಮಗನೆಂದ: "ಅಪ್ಪಾ, ಅಲ್ಲಿ ಬಾಳೆಯಿತ್ತು, ನೆಲವೂ ನಮ್ಮದು. ಇಲ್ಲಿ ನಾಳೆ ಬೇರೆಯವರು ಬಂದು ತಂಗುತ್ತಾರೆ." ಜೀವಮಾನವೆಲ್ಲ ಪಾಠ ಹೇಳಿದವನು ಅಂದು ಪಾಠ ಕೇಳಿದೆ.

ಅಲ್ಲಿಯ ಫೆಡರಲ್ ನಿಯಮವು ಮಲಿನವನ್ನು ನೆಲಕ್ಕೆ ಬಿಡುವುದನ್ನು ನಿಷೇಧಿಸುತ್ತದೆ, ತೊಳೆದ ನೀರಿಗೆ ಮಾತ್ರ ವಿನಾಯಿತಿ ಕೊಡುತ್ತದೆ. ಎಷ್ಟೋ ಕಡೆ ಸ್ಥಳೀಯ ನಿಯಮಗಳು ಅದನ್ನೂ ತಡೆಯುತ್ತವೆ. ಈ ವಿನಾಯಿತಿಯನ್ನೇ ಹಿಡಿದು ವಾದಿಸುವವರಿದ್ದಾರೆ. ಆದರೆ ಕಾನೂನು ಬಿಟ್ಟದ್ದೆಲ್ಲ ಧರ್ಮವಾಗುವುದೇ? ಆ ನೀರಿನಲ್ಲಿ ಎಣ್ಣೆಯ ಜಿಡ್ಡಿದೆ, ಸೋಪಿದೆ, ಅನ್ನದ ಅಗುಳಿದೆ. ಮಳೆಯೇ ಅಪರೂಪವಾದ ನೆಲದಲ್ಲಿ ಅದನ್ನು ತೊಳೆದೊಯ್ಯುವವರು ಯಾರು? ನಾರುತ್ತದೆ, ನೊಣ ಮುತ್ತುತ್ತದೆ, ಕಾಡುಪ್ರಾಣಿಗಳಿಗೆ ಎಂಜಲಿನ ರುಚಿ ಹತ್ತುತ್ತದೆ. ಒಬ್ಬನ ಒಂದು ಕೊಡ ಅಲ್ಪವೆನಿಸೀತು. ಚಳಿಗಾಲದಲ್ಲಿ ಅಲ್ಲಿ ಸಾವಿರಾರು ವಾಹನಗಳು ಬಂದು ನಿಲ್ಲುತ್ತವೆ.

ಮಗ ಸಾಮಾನನ್ನೆಲ್ಲ ಮತ್ತೆ ಕಟ್ಟಿ, ಪಟ್ಟಣದ ಡಂಪ್ ಸ್ಟೇಷನ್ನಿಗೆ ವಾಹನ ಓಡಿಸಿ, ಶುಲ್ಕ ತೆತ್ತ. ಕೈಗವಸು ತೊಟ್ಟು ಮೊದಲು ಬ್ಲ್ಯಾಕ್, ಆಮೇಲೆ ಗ್ರೇ ತೆರೆದ. ಸೋಪಿನ ನೀರಿನಿಂದ ಕೊಳವೆಯೂ ತೊಳೆದಂತಾಗುತ್ತದೆ. ಕಾಲು ಗಂಟೆಯ ಕೆಲಸ. ಅವನ ಪದವಿಯೇನೂ ಕರಗಲಿಲ್ಲ. ಉಳಿದ ದಿನ ನಾನು ಒಂದೇ ಚೊಂಬು ನೀರಿನಲ್ಲಿ ಮೈ ಒರೆಸಿಕೊಂಡೆ. ತಟ್ಟೆಯನ್ನು ಕಾಗದದಿಂದ ಒರೆಸಿ ಆಮೇಲೆ ತೊಳೆದೆ.

ಇನ್ನು "ಕೈಯಾರೆ ಮಾಡುವುದೇ" ಎಂಬ ಮಾತು. ನನ್ನ ಬಾಲ್ಯದಲ್ಲಿ ಹಿತ್ತಿಲ ಬಾಗಿಲಿಗೆ ಬಂದು ನಮ್ಮ ಹೊಲಸನ್ನು ತಲೆಯ ಮೇಲೆ ಹೊತ್ತೊಯ್ಯುತ್ತಿದ್ದವಳ ಹೆಸರು ನಮ್ಮ ಮನೆಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1993ರಲ್ಲಿ, ಮತ್ತೆ 2013ರಲ್ಲಿ ದೇಶಕ್ಕೇ ಕಾನೂನು ಬಂತು. ಆದರೂ ಗುಂಡಿಗಿಳಿದು ಸಾಯುವವರು ಇಂದಿಗೂ ಇದ್ದಾರೆ. ಏಕೆ? ತುಂಬಿಸುವುದು ನಮ್ಮ ಹಕ್ಕು, ಬರಿದು ಮಾಡುವುದು ಇನ್ನೊಬ್ಬರ ಹಣೆಬರಹ ಎಂಬ ಭಾವ ನಮ್ಮಿಂದ ತೊಲಗಿಲ್ಲ.

ಭಾವಮೈದುನರೇ, ನಾಚಿಕೆಯಿರುವುದು ತೊಟ್ಟಿಯನ್ನು ಖಾಲಿ ಮಾಡುವುದರಲ್ಲಲ್ಲ, ಇನ್ನೊಬ್ಬರ ಪಾಲಿಗೆ ಬಿಟ್ಟುಹೋಗುವುದರಲ್ಲಿ. ಮಗನ ಅಂಕಪಟ್ಟಿ ನೋಡಿದಾಗಲೂ ನನಗೆ ಅಂದಿನಷ್ಟು ಹೆಮ್ಮೆಯಾಗಿರಲಿಲ್ಲ.

ಇತಿ,
ನಿಮ್ಮ ಮೇಷ್ಟ್ರು